ಹಿಸ್ಟಮಿನ್ ಹೊರಬೀಳುವ ಮುನ್ನವೇ ತಡೆಯುವ ಔಷಧ

ಧೂಳಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಕೆಲವರಿಗೆ ಒಂದೇ ಸಮನೆ ಸೀನು ಬರುತ್ತದೆ. ಕಾಂಗ್ರೆಸ್ ಹುಲ್ಲು ಹೂಬಿಟ್ಟ ಕಾಲದಲ್ಲಿ ಕೆಲವರ ಕಣ್ಣು ಕೆಂಪಾಗಿ ತುರಿಸುತ್ತದೆ. ಇನ್ನು ಕೆಲವರಿಗೆ ಉಬ್ಬಸ ಮರುಕಳಿಸುತ್ತದೆ. ಇಂತಹವರಿಗೆ ವೈದ್ಯರು ನೀಡುವ ಔಷಧಗಳಲ್ಲಿ ಸೋಡಿಯಂ ಕ್ರೋಮೋಗ್ಲೈಕೇಟ್ ಒಂದು. ಎರಡು ದಿನ ಹನಿ ಹಾಕಿ, ತುರಿಕೆ ನಿಲ್ಲಲಿಲ್ಲವೆಂದು ಇದನ್ನು ಬದಿಗಿಡುವವರು ಹಲವರು. ಔಷಧವು ನಿಷ್ಫಲವಾದುದರಿಂದ ಹೀಗಾಗುವುದಿಲ್ಲ. ಅದು ಕೆಲಸ ಮಾಡುವ ಬಗೆಯೇ ಬೇರೆ. ಅದನ್ನು ತಿಳಿಯಲು ಮೊದಲು ಹಿಸ್ಟಮಿನ್ ಎಂಬ ವಸ್ತುವಿನ ಪರಿಚಯ ಬೇಕು.

ಹಿಸ್ಟಮಿನ್ ಎಂದರೇನು?

ಹಿಸ್ಟಮಿನ್ ವಿಷವಲ್ಲ. ಆಹಾರದ ಪ್ರೋಟೀನಿನಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದಿಂದ ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ. ಜಠರದಲ್ಲಿ ಆಮ್ಲ ಸ್ರವಿಸಲು ಅದು ಬೇಕು. ಮೆದುಳು ಎಚ್ಚರವಾಗಿರಲೂ ಅದು ಬೇಕು. 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ ಅವರು ಪ್ರಾಣಿಗಳ ದೇಹದ ಮೇಲೆ ಅದರ ಪರಿಣಾಮಗಳನ್ನು ವಿವರವಾಗಿ ದಾಖಲಿಸಿದರು.

ಚರ್ಮ, ಮೂಗು, ಕಣ್ಣಿನ ಪೊರೆ, ಶ್ವಾಸನಾಳ, ಕರುಳು ಮುಂತಾದ, ಹೊರಜಗತ್ತು ದೇಹವನ್ನು ಮುಟ್ಟುವ ಎಡೆಗಳಲ್ಲೆಲ್ಲ ಮಾಸ್ಟ್ ಕೋಶಗಳೆಂಬ ಕಾವಲು ಕೋಶಗಳಿವೆ. ಜರ್ಮನಿಯ ಪಾಲ್ ಎರ್ಲಿಕ್ ಅವರು 1878ರಲ್ಲಿ ಇವನ್ನು ಗುರುತಿಸಿ ಹೆಸರಿಟ್ಟರು. ಪ್ರತಿಯೊಂದು ಕೋಶದೊಳಗೂ ಸಣ್ಣ ಸಣ್ಣ ಕಣಗಳಿದ್ದು, ಅವುಗಳಲ್ಲಿ ಹಿಸ್ಟಮಿನ್ ತುಂಬಿರುತ್ತದೆ. ಅಲರ್ಜಿಯ ಪ್ರವೃತ್ತಿಯುಳ್ಳವರ ದೇಹವು ಪರಾಗದಂತಹ ನಿರುಪದ್ರವಿ ವಸ್ತುವನ್ನೂ ಶತ್ರುವೆಂದು ಬಗೆದು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸುತ್ತದೆ. ಈ ಪ್ರತಿಕಾಯಗಳು ಮಾಸ್ಟ್ ಕೋಶದ ಮೈಮೇಲೆ ಅಂಟಿ ಕುಳಿತಿರುತ್ತವೆ. ಮುಂದೊಮ್ಮೆ ಅದೇ ಪರಾಗ ಬಂದು ಎರಡು ಪ್ರತಿಕಾಯಗಳನ್ನು ಒಟ್ಟಿಗೆ ಬೆಸೆದರೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕೆಲವೇ ನಿಮಿಷಗಳಲ್ಲಿ ಕಣಗಳು ಒಡೆದು ಹಿಸ್ಟಮಿನ್ ಹೊರಬೀಳುತ್ತದೆ.

ಹೊರಬಿದ್ದ ಹಿಸ್ಟಮಿನ್ ಸುತ್ತಲಿನ ಜೀವಕೋಶಗಳ ಮೇಲಿರುವ ಎಚ್-1 ಎಂಬ ಗ್ರಾಹಕಗಳನ್ನು ಸೇರುತ್ತದೆ. ಆಗ ರಕ್ತನಾಳಗಳು ಹಿಗ್ಗುವುದರಿಂದ ಕೆಂಪು, ಅವುಗಳಿಂದ ದ್ರವ ಜಿನುಗುವುದರಿಂದ ಊತ, ನರಗಳು ಕೆರಳುವುದರಿಂದ ತುರಿಕೆ ಮತ್ತು ಸೀನು, ಶ್ವಾಸನಾಳದ ಸ್ನಾಯು ಬಿಗಿಯುವುದರಿಂದ ಉಬ್ಬಸ ಉಂಟಾಗುತ್ತವೆ.

ತಡೆಯುವ ಎರಡು ದಾರಿಗಳು

ಇದನ್ನು ಎರಡು ಹಂತಗಳಲ್ಲಿ ತಡೆಯಬಹುದು. ಸೆಟ್ರಿಜಿನ್‌ನಂತಹ ಮಾತ್ರೆಗಳು ಎಚ್-1 ಗ್ರಾಹಕಗಳನ್ನು ತಾವೇ ಆಕ್ರಮಿಸಿಕೊಂಡು, ಹೊರಬಿದ್ದ ಹಿಸ್ಟಮಿನ್ ಅಲ್ಲಿ ನೆಲೆಗೊಳ್ಳದಂತೆ ಮಾಡುತ್ತವೆ. ಕ್ರೋಮೋಗ್ಲೈಕೇಟ್ ಈ ಗ್ರಾಹಕಗಳ ಗೊಡವೆಗೆ ಹೋಗುವುದಿಲ್ಲ. ಅದು ಮಾಸ್ಟ್ ಕೋಶವನ್ನು ಶಾಂತವಾಗಿಟ್ಟು, ಕಣಗಳು ಒಡೆಯುವುದನ್ನೇ ತಗ್ಗಿಸುತ್ತದೆ. ಕೆಮ್ಮು ಮತ್ತು ಬಿಗಿತಕ್ಕೆ ಪ್ರಚೋದನೆ ನೀಡುವ ಶ್ವಾಸನಾಳದ ನರತುದಿಗಳನ್ನೂ, ಉರಿಯೂತವನ್ನು ಬೆಳೆಸುವ ಇತರ ರಕ್ತಕಣಗಳನ್ನೂ ಅದು ಹತೋಟಿಯಲ್ಲಿಡುತ್ತದೆ.

ಆದುದರಿಂದ ಈಗಾಗಲೇ ಹೊರಬಿದ್ದಿರುವ ಹಿಸ್ಟಮಿನ್ನಿನ ಮೇಲೆ ಕ್ರೋಮೋಗ್ಲೈಕೇಟಿಗೆ ಯಾವ ಅಧಿಕಾರವೂ ಇಲ್ಲ. ನೆರೆ ಬಂದ ಮೇಲೆ ಕಟ್ಟೆ ಕಟ್ಟಿದರೆ ಫಲವೇನು?

ಸಸ್ಯದಿಂದ ಔಷಧದವರೆಗೆ

ಈಜಿಪ್ಟ್ ಮತ್ತು ಅದರ ನೆರೆಯ ನಾಡುಗಳಲ್ಲಿ ಖೆಲ್ಲಾ ಎಂಬ ಗಿಡ ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಅಮ್ಮಿ ವಿಸ್ನಾಗಾ. ನಮ್ಮ ಅಡುಗೆಮನೆಯ ಕೊತ್ತಂಬರಿ, ಜೀರಿಗೆ, ಓಮಗಳ ಕುಟುಂಬಕ್ಕೇ ಅದು ಸೇರಿದೆ. ಮೂತ್ರಪಿಂಡದ ಕಲ್ಲಿನ ನೋವಿಗೆ ಅಲ್ಲಿನ ಜನ ಅದರ ಬೀಜದ ಕಷಾಯವನ್ನು ಬಹುಕಾಲದಿಂದ ಕುಡಿಯುತ್ತಿದ್ದರು. ಬೀಜದಲ್ಲಿರುವ ಖೆಲ್ಲಿನ್ ಎಂಬ ಅಂಶವು ಒಳ ಅವಯವಗಳ ಸ್ನಾಯುಗಳನ್ನು ಸಡಿಲಿಸುವುದೇ ಆ ಉಪಶಮನಕ್ಕೆ ಕಾರಣ. ಉಬ್ಬಸಕ್ಕೂ ಅದನ್ನು ಬಳಸಲಾಯಿತಾದರೂ ವಾಕರಿಕೆ ಮುಂತಾದ ತೊಂದರೆಗಳು ಅಡ್ಡಿಯಾದವು.

ಇಂಗ್ಲೆಂಡಿನ ಔಷಧ ಪ್ರಯೋಗಾಲಯವೊಂದರಲ್ಲಿ ಖೆಲ್ಲಿನ್ ರಚನೆಯನ್ನು ಆಧರಿಸಿ ಹೊಸ ಸಂಯುಕ್ತಗಳನ್ನು ತಯಾರಿಸಲಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ, ಸಿರಿಯಾದಲ್ಲಿ ಜನಿಸಿದ ವೈದ್ಯ ರೋಜರ್ ಆಲ್ಟೂನ್ಯನ್ ಅವರು ಸ್ವತಃ ಅಸ್ತಮಾ ರೋಗಿ. ಪ್ರಾಣಿಗಳ ಮೇಲಿನ ಪರೀಕ್ಷೆಯು ಮನುಷ್ಯನ ಅಸ್ತಮಾವನ್ನು ಸರಿಯಾಗಿ ಬಿಂಬಿಸದೆಂದು ಅವರು ನಂಬಿದ್ದರು. ಆದ್ದರಿಂದ ತಮಗೆ ಅಲರ್ಜಿಯಿದ್ದ ಗಿನಿಪಿಗ್ ರೋಮದ ಸಾರವನ್ನು ತಾವೇ ಉಸಿರಿನಲ್ಲಿ ಒಳಗೆಳೆದುಕೊಂಡು ಉಬ್ಬಸ ತಂದುಕೊಳ್ಳುತ್ತಿದ್ದರು. ಅದಕ್ಕೆ ಮುನ್ನ ಸೇವಿಸಿದ ಸಂಯುಕ್ತವು ಎಷ್ಟು ರಕ್ಷಣೆ ನೀಡಿತೆಂದು ಅಳೆಯುತ್ತಿದ್ದರು. ಹೀಗೆ ಹಲವು ವರ್ಷ ನಡೆದ ಶ್ರಮದ ಫಲವಾಗಿ 1965ರಲ್ಲಿ ಕ್ರೋಮೋಗ್ಲೈಕೇಟ್ ದೊರೆಯಿತು. ಪುಡಿಯ ರೂಪದ ಈ ಔಷಧವನ್ನು ಶ್ವಾಸಕೋಶಕ್ಕೆ ಮುಟ್ಟಿಸಲು, ಹಿಂದೆ ವಿಮಾನಚಾಲಕರಾಗಿದ್ದ ಅವರು, ಉಸಿರೆಳೆದಾಗ ತಿರುಗುವ ಪುಟ್ಟ ಪಂಖವುಳ್ಳ ಉಪಕರಣವೊಂದನ್ನೂ ರೂಪಿಸಿದರು.

ಇಲ್ಲಿ ಒಂದು ಅಂಶ ಗಮನಾರ್ಹ. ಖೆಲ್ಲಿನ್ ಸ್ನಾಯುವನ್ನು ಸಡಿಲಿಸುತ್ತದೆ. ಅದರ ಸಂತತಿಯಾದ ಕ್ರೋಮೋಗ್ಲೈಕೇಟ್ ಸಡಿಲಿಸುವುದಿಲ್ಲ. ಗಿಡದಲ್ಲಿದ್ದುದು ಒಂದು ಗುಣ, ಔಷಧದಲ್ಲಿ ದೊರೆತದ್ದು ಮತ್ತೊಂದು. ಆದಕಾರಣ ಈ ಔಷಧದ ಮೂಲ ಗಿಡವೆಂದು ತಿಳಿದು ಗಿಡದ ಕಷಾಯವನ್ನೇ ಅದಕ್ಕೆ ಬದಲಾಗಿ ಕುಡಿಯುವುದು ಸಲ್ಲದು.

ಬಳಸುವವರು ತಿಳಿದಿರಬೇಕಾದುದು

ನುಂಗಿದರೆ ಕ್ರೋಮೋಗ್ಲೈಕೇಟ್ ಸುಮಾರು 1 ಪ್ರತಿಶತದಷ್ಟು ಮಾತ್ರ ರಕ್ತವನ್ನು ಸೇರುತ್ತದೆ. ಆದ್ದರಿಂದ ಅದನ್ನು ಬೇಕಾದ ಸ್ಥಳಕ್ಕೇ ತಲುಪಿಸಬೇಕು: ಕಣ್ಣಿಗೆ ಹನಿಯಾಗಿ, ಮೂಗಿಗೆ ಸಿಂಪಡಣೆಯಾಗಿ, ಶ್ವಾಸನಾಳಕ್ಕೆ ಉಸಿರಿನ ಮೂಲಕ. ರಕ್ತಕ್ಕೆ ಸೇರುವುದು ಅತ್ಯಲ್ಪವಾದುದರಿಂದಲೇ ಅಡ್ಡಪರಿಣಾಮಗಳೂ ಕಡಿಮೆ. ಕಣ್ಣಿಗೆ ಹಾಕಿದಾಗ ಕ್ಷಣಕಾಲ ಉರಿಯಬಹುದು, ಉಸಿರಿನಲ್ಲಿ ತೆಗೆದುಕೊಂಡಾಗ ಕೆಮ್ಮು ಬರಬಹುದು.

ಅದರ ಪ್ರಭಾವ ಕೆಲವು ಗಂಟೆಗಳದ್ದು ಮಾತ್ರ. ಕಣ್ಣಿನ ಹನಿಯನ್ನು ಸಾಮಾನ್ಯವಾಗಿ ದಿನಕ್ಕೆ 4 ಬಾರಿ ಹಾಕಲು ಹೇಳುವುದು ಇದೇ ಕಾರಣಕ್ಕೆ. ಪೂರ್ಣ ಫಲ ಕಾಣಲು ಹಲವು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಅಲರ್ಜಿ ಬರುವ ಋತು ತಿಳಿದಿದ್ದರೆ, ಅದಕ್ಕೆ ಮೊದಲೇ ಆರಂಭಿಸುವುದು ಉಚಿತ. ತುರಿಕೆ ನಿಂತಿತೆಂದು ನಡುವೆ ಬಿಟ್ಟರೆ, ಪರಾಗವಿರುವವರೆಗೆ ಅದು ಮರಳಬಹುದು. ಹನಿಯ ಸೀಸೆಯನ್ನು ತೆರೆದ ಬಳಿಕ ಸಾಮಾನ್ಯವಾಗಿ 4 ವಾರಗಳಿಗಿಂತ ಹೆಚ್ಚು ಕಾಲ ಬಳಸಬಾರದು.

ಅಸ್ತಮಾ ಚಿಕಿತ್ಸೆಯಲ್ಲಿ ಇಂದು ಉಸಿರಿನ ಮೂಲಕ ಕೊಡುವ ಸ್ಟಿರಾಯ್ಡ್‌ಗಳು ಪ್ರಥಮ ಸ್ಥಾನ ಪಡೆದಿವೆ. ಕ್ರೋಮೋಗ್ಲೈಕೇಟ್ ಹೆಚ್ಚಾಗಿ ಕಣ್ಣಿನ ಅಲರ್ಜಿಗೆ ಬಳಕೆಯಾಗುತ್ತಿದೆ. ಉಬ್ಬಸ ಉಲ್ಬಣಿಸಿದ ಹೊತ್ತಿನಲ್ಲಿ ಇದನ್ನು ನೆಚ್ಚಿ ಕುಳಿತರೆ ಪ್ರಾಣಕ್ಕೇ ಅಪಾಯ. ಆಗ ಸಾಲ್ಬುಟಮಾಲ್‌ನಂತಹ, ಶ್ವಾಸನಾಳವನ್ನು ಕೂಡಲೇ ಸಡಿಲಿಸುವ ಔಷಧವೇ ಬೇಕು. ಅದರಿಂದಲೂ ಉಸಿರಾಟ ಸುಧಾರಿಸದಿದ್ದರೆ, ಮಾತನಾಡಲೂ ಆಗದಂತಿದ್ದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮುನ್ನೆಚ್ಚರಿಕೆಯ ಔಷಧವನ್ನು ಬೇನೆಯಿಲ್ಲದ ದಿನವೂ ತಪ್ಪದೆ ಬಳಸುವ ತಾಳ್ಮೆ, ಬೇನೆ ಬಂದಾಗ ತುರ್ತು ಔಷಧ ಯಾವುದೆಂಬ ಅರಿವು, ಈ ಎರಡೂ ಮನೆಯವರೆಲ್ಲರಲ್ಲಿ ಇರಬೇಕು. ಯಾವುದನ್ನು ಯಾವಾಗ ಬಳಸಬೇಕೆಂಬುದನ್ನು ವೈದ್ಯರಿಂದ ಕೇಳಿ, ಬರೆದಿಟ್ಟುಕೊಳ್ಳುವುದು ಲೇಸು.