ಹಳೆಯ ಕಾರಿನ ಜಾತಕ

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಗನಿಗೆ ಕೆಲಸ ಸಿಕ್ಕಿತೆಂದರೆ ಎರಡು ಮಾತುಗಳು ಏಳುತ್ತವೆ. ಒಂದು ಮದುವೆಯ ಮಾತು. ಇನ್ನೊಂದು ಕಾರಿನ ಮಾತು. ಮೊದಲನೆಯದನ್ನು ಹೆತ್ತವರು ಎತ್ತುತ್ತಾರೆ, ಎರಡನೆಯದನ್ನು ಮಗ ಎತ್ತುತ್ತಾನೆ. ನಮ್ಮ ಮನೆಯಲ್ಲಿ ಎರಡನೆಯದೇ ಮೊದಲು ಬಂದಿತು.

ನಮ್ಮ ವಾಸ ದ್ವಾರಕಾದಲ್ಲಿ. ಮಗನ ನೌಕರಿ ನೋಯ್ಡಾದಲ್ಲಿ. ಹಗಲು ಮೆಟ್ರೋ ರೈಲು ಒಂದೇ ಎಳೆತಕ್ಕೆ ಅಲ್ಲಿಗೆ ಮುಟ್ಟಿಸುತ್ತದೆ. ಆದರೆ ಅವನ ಪಾಳಿ ಮುಗಿಯುವ ಹೊತ್ತಿಗೆ ಮೆಟ್ರೋ ಮಲಗಿರುತ್ತದೆ. ಚಳಿಗಾಲದ ನಡುರಾತ್ರಿಯಲ್ಲಿ ಬಾಡಿಗೆ ಗಾಡಿಗಾಗಿ ಅವನು ಕಾಯುವುದು, ಅವನಿಗಾಗಿ ಅವನ ತಾಯಿ ಎಚ್ಚರವಾಗಿ ಕಾಯುವುದು, ಹೀಗೆ ಎರಡು ತಿಂಗಳು ನಡೆದ ಮೇಲೆ ೨೦೨೫ರ ಡಿಸೆಂಬರಿನಲ್ಲಿ ನಾವು ಒಂದು ಹಳೆಯ ಕಾರನ್ನು ಕೊಳ್ಳುವುದೆಂದು ನಿಶ್ಚಯಿಸಿದೆವು.

ಇದಕ್ಕೆಂದು ತೆಗೆದಿಟ್ಟ ಹಣ ನಾಲ್ಕು ಲಕ್ಷ ರೂಪಾಯಿ. ನಿವೃತ್ತಿಯ ಕಾಲದಲ್ಲಿ ಬಂದುದರಲ್ಲಿ ಮನೆಯ ಸಾಲ ತೀರಿ ಮಿಕ್ಕಿದ್ದರ ಒಂದು ಪಾಲು ಅದು. ಬ್ಯಾಂಕಿನಲ್ಲಿ ಅದರ ಮಗ್ಗುಲಲ್ಲೇ ಇನ್ನೊಂದು ಮೊತ್ತವಿತ್ತು. ಅದು ನಮ್ಮಾಕೆಯ ಮಂಡಿಯ ಶಸ್ತ್ರಚಿಕಿತ್ಸೆಗೆ ಇಟ್ಟದ್ದು, ಮುಟ್ಟಕೂಡದ ಹಣ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ಬಲ್ಲೆವು. ಆದರೆ ಮಗನಿಗೆ ಬೇಕಾದದ್ದು ಬರಿಯ ಕಾರಲ್ಲ, ಚುರುಕಾದ ಕಾರು. “ಅಪ್ಪ, ಒತ್ತಿದರೆ ಓಡಬೇಕು, ತಿರುಗಿಸಿದರೆ ತಿರುಗಬೇಕು. ನೀವು ಓಡಿಸುತ್ತಿದ್ದ ಗಾಡಿಯ ಹಾಗೆ ಯೋಚನೆ ಮಾಡಿ ಹೊರಡುವಂಥದ್ದು ಬೇಡ” ಎಂದ. ನಾವೂ ಒಂದು ಕಾಲಕ್ಕೆ ಇಪ್ಪತ್ತೈದು ವರ್ಷದವರಾಗಿದ್ದವರು. ಅವನ ಆಸೆ ತಪ್ಪೆಂದು ಹೇಳಲು ಬಾಯಿ ಬರಲಿಲ್ಲ.

ಮೊದಲು ಹೋದದ್ದು ಕರೋಲ್‌ಬಾಗಿಗೆ. ಹಳೆಯ ಕಾರುಗಳ ವ್ಯಾಪಾರಕ್ಕೆ ದೆಹಲಿಯಲ್ಲಿ ಹೆಸರಾದ ಸ್ಥಳ ಅದು. ಒಂದು ಅಂಗಡಿಯ ಮುಂದೆ ಕೆಂಪು ಬಣ್ಣದ ಡೀಸೆಲ್ ಕಾರೊಂದು ಮದುವಣಗಿತ್ತಿಯಂತೆ ಹೊಳೆಯುತ್ತ ನಿಂತಿತ್ತು. ಬೆಲೆ ಎರಡು ಲಕ್ಷ ಅರುವತ್ತು ಸಾವಿರ. ನಮ್ಮ ಹಣದಲ್ಲಿ ಇನ್ನೂ ಒಂದೂವರೆ ಲಕ್ಷದ ಹತ್ತಿರ ಉಳಿಯುತ್ತದೆ! ಮಗನ ಕಣ್ಣು ಅರಳಿತು. ನಮ್ಮದೂ ಅರಳಿತೆಂದು ಒಪ್ಪಿಕೊಳ್ಳಬೇಕು. ಮನೆಯ ಖರ್ಚಿಗೆಂದು ಜೇಬಿನಲ್ಲಿದ್ದ ಐದು ಸಾವಿರವನ್ನು ಮುಂಗಡವೆಂದು ಕೊಟ್ಟು, ದೊಡ್ಡ ಕೆಲಸ ಸಾಧಿಸಿದವರಂತೆ ಮನೆಗೆ ಬಂದೆವು.

ನಮ್ಮಾಕೆ ಎಲ್ಲವನ್ನೂ ಕೇಳಿ, “ಅಲ್ಲಾಂದ್ರೆ, ಹೆಣ್ಣು ನೋಡೋಕೆ ಹೋದಾಗ ಬಣ್ಣ ನೋಡಿ ತಾಂಬೂಲ ಬದಲಾಯಿಸಿಬಿಡ್ತೀರಾ? ಜಾತಕ ಕೇಳೋದಿಲ್ವೇ?” ಎಂದಳು.

ಕಾರಿನ ಜಾತಕವೆಂದರೆ ಅದರ ನೋಂದಣಿ ಪತ್ರ, ಇಲ್ಲಿಯವರು ಆರ್.ಸಿ. ಎನ್ನುವುದು. ಸರ್ಕಾರದ ಎಂ-ಪರಿವಾಹನ್ ಎಂಬ ಆ್ಯಪಿನಲ್ಲಿ ಗಾಡಿಯ ಸಂಖ್ಯೆಯನ್ನು ಬರೆದರೆ ಅದು ಹುಟ್ಟಿದ ದಿನ, ಕುಡಿಯುವ ಇಂಧನ, ವಿಮೆಯ ಅವಧಿ ಎಲ್ಲವೂ ಮೊಬೈಲಿನಲ್ಲೇ ತೋರುತ್ತವೆ. ಆ ರಾತ್ರಿ ನೋಡಿದೆವು. ಕೆಂಪು ಕಾರು ನೋಂದಣಿಯಾದದ್ದು ೨೦೧೬ರ ಸೆಪ್ಟೆಂಬರಿನಲ್ಲಿ.

ಇದರ ಅರ್ಥವೇನೆಂಬುದನ್ನು ದೆಹಲಿಯ ಸುತ್ತಮುತ್ತ ಇರುವ ಓದುಗರು ಚೆನ್ನಾಗಿ ತಿಳಿದಿರಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೫ರಲ್ಲಿ ರಾಜಧಾನಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಓಡಕೂಡದೆಂದು ಆಜ್ಞೆ ಮಾಡಿತು. ಪೆಟ್ರೋಲ್ ಗಾಡಿಗಳಿಗೆ ಹದಿನೈದು ವರ್ಷದ ಮಿತಿ. ಸರ್ವೋಚ್ಚ ನ್ಯಾಯಾಲಯವು ೨೦೧೮ರ ಅಕ್ಟೋಬರಿನಲ್ಲಿ ಇದನ್ನು ಎತ್ತಿಹಿಡಿಯಿತು. ೨೦೨೫ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ, ವಯಸ್ಸಾದ ಗಾಡಿಗಳ ಮಾಲಿಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿ.ಎಸ್. ೪ ಮತ್ತು ಅದಕ್ಕಿಂತ ಈಚಿನ ಗಾಡಿಗಳಿಗೆ ಮಾತ್ರ ಉಳಿಸಿತು. ಬಿ.ಎಸ್. ಎಂದರೆ ಹೊಗೆಯ ಮಟ್ಟವನ್ನು ಹೇಳುವ ಭಾರತ್ ಸ್ಟೇಜ್. ದೆಹಲಿಯಲ್ಲಿ ೪ನೆಯ ಮಟ್ಟ ೨೦೧೦ರಲ್ಲಿಯೂ, ದೇಶಕ್ಕೆಲ್ಲ ೬ನೆಯ ಮಟ್ಟ ೨೦೨೦ರಲ್ಲಿಯೂ ಜಾರಿಗೆ ಬಂದುವು.

ಹಾಗಾದರೆ ಕೆಂಪು ಕಾರಿಗೆ ರಕ್ಷಣೆಯಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು, ಆದರೆ ನ್ಯಾಯಾಲಯದ ಇಂದಿನ ದಯೆಯನ್ನು ನಂಬಿ ನಾಳಿನ ಹಣ ಹೂಡುವುದು ಬಡವರಿಗೆ ತಕ್ಕ ಮಾತಲ್ಲ. ಸಾಲದೆಂದು, ಹವೆ ಕೆಟ್ಟು ಗ್ರಾಪ್ ನಿಯಮಗಳ ಮೂರನೆಯ ಹಂತ ಜಾರಿಯಾದಾಗ ಬಿ.ಎಸ್. ೩ ಪೆಟ್ರೋಲ್ ಕಾರುಗಳೂ ಬಿ.ಎಸ್. ೪ ಡೀಸೆಲ್ ಕಾರುಗಳೂ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ನೋಯ್ಡಾಗಳಲ್ಲಿ ರಸ್ತೆಗೆ ಇಳಿಯುವಂತಿಲ್ಲ. ಮಗನಿಗೆ ಕಾರು ಬೇಕಾಗಿದ್ದುದೇ ಚಳಿಗಾಲದ ರಾತ್ರಿಗಳಿಗೆ. ಹವೆ ಕೆಡುವುದೂ ಆ ದಿನಗಳಲ್ಲೇ.

ನಾವು ಕಾಗದ ತೆಗೆದುಕೊಂಡು ಒಂದು ಲೆಕ್ಕ ಹಾಕಿದೆವು. ಬೆಲೆಯನ್ನು ಗಾಡಿಗೆ ಉಳಿದಿರುವ ತಿಂಗಳುಗಳಿಂದ ಭಾಗಿಸುವುದು, ಅಷ್ಟೇ. ಕೆಂಪು ಕಾರಿಗೆ ಹತ್ತು ವರ್ಷ ತುಂಬಲು ಉಳಿದದ್ದು ಒಂಬತ್ತು ತಿಂಗಳು. ಎರಡು ಲಕ್ಷ ಅರುವತ್ತು ಸಾವಿರವನ್ನು ಒಂಬತ್ತರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು ಇಪ್ಪತ್ತೊಂಬತ್ತು ಸಾವಿರ! ಅಷ್ಟು ಬಾಡಿಗೆಗೆ ಚಾಲಕನೊಡನೆ ಗಾಡಿಯೇ ಸಿಕ್ಕೀತು. ಅವಧಿ ಮುಗಿದ ಮೇಲೆ ನಿರಾಕ್ಷೇಪಣ ಪತ್ರ ಪಡೆದು ಹೊರರಾಜ್ಯಕ್ಕೆ ಮಾರಬಹುದೆಂಬುದು ನಿಜ. ಆದರೆ ಅನಿವಾರ್ಯವಾಗಿ ಮಾರುವವನಿಗೆ ಬೆಲೆ ಕಟ್ಟುವವನು ಕೊಳ್ಳುವವನೇ. ಕಾರು ಬೇಡವೆಂದೆವು. ಐದು ಸಾವಿರ ಮರಳಿ ಬರಲಿಲ್ಲ. ಅದನ್ನು ಪಾಠದ ಶುಲ್ಕವೆಂದು ಬರೆದುಕೊಂಡೆವು.

ಎರಡನೆಯ ಹುಡುಕಾಟಕ್ಕೆ ಮುಂಚೆ “ಚುರುಕು” ಎಂದರೇನು ಎಂಬುದನ್ನು ತಂದೆ ಮಗ ಕುಳಿತು ಚರ್ಚಿಸಿದೆವು. ಮಗನ ಮನಸ್ಸು ಫೋಕ್ಸ್‌ವ್ಯಾಗನ್ ಪೋಲೋ ಜಿ.ಟಿ. ಮೇಲೆ. ೨೦೧೩ರಲ್ಲಿ ಬಂದ ಈ ಕಾರಿನ ಟರ್ಬೋ ಪೆಟ್ರೋಲ್ ಎಂಜಿನ್ನಿಗೆ ೧೦೫ ಅಶ್ವಶಕ್ತಿ. ಗಾಡಿಯ ತೂಕ ಸುಮಾರು ೧,೧೦೦ ಕಿಲೋ. ಭಾರತದಲ್ಲಿ ಪೋಲೋ ತಯಾರಿಕೆ ೨೦೨೨ರಲ್ಲಿ ನಿಂತಿತು. ನಾವು ಅದರ ಮಗ್ಗುಲಿಗೆ ೨೦೧೮ರ ಮಾರುತಿ ಸ್ವಿಫ್ಟನ್ನು ಇಟ್ಟೆವು. ಅದಕ್ಕೆ ೮೩ ಅಶ್ವಶಕ್ತಿಯೇ. ಆದರೆ ತೂಕ ಒಂಬೈನೂರು ಕಿಲೋಗೂ ಕಡಿಮೆ. ಶಕ್ತಿಯನ್ನು ತೂಕದಿಂದ ಭಾಗಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದುವು! ಟರ್ಬೋ ಎಂಜಿನ್ ಕಡಿಮೆ ತಿರುಗಿನಲ್ಲೇ ಬಲವಾಗಿ ಎಳೆಯುತ್ತದೆ, ಹೆದ್ದಾರಿಯಲ್ಲಿ ಆ ಸುಖವೇ ಬೇರೆ; ಇದನ್ನು ಒಪ್ಪಲೇಬೇಕು. ಆದರೆ ಅದರ ಏಳು ಹಲ್ಲೆಯ ಸ್ವಯಂಚಾಲಿತ ಗೇರು ಪೆಟ್ಟಿಗೆ ಕೈಕೊಟ್ಟರೆ ಅದರ ಚಿಕಿತ್ಸೆ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಆನೆಯನ್ನು ಕೊಂಡು ಅಂಕುಶಕ್ಕೆ ಪರದಾಡಬಾರದು.

ಈ ಜಾತಿಯ ಇತರ ಕಾರುಗಳೂ ಉಂಟು. ಮಾರುತಿಯವರ ಬಲೆನೋ ಆರ್.ಎಸ್. ೨೦೧೭ರಿಂದ ೨೦೨೦ರವರೆಗೆ ಬಂದಿತು. ಟಾಟಾದವರು ೨೦೧೮ರಲ್ಲಿ ಟಿಯಾಗೋ ಜೆ.ಟಿ.ಪಿ. ಎಂಬ ಚುರುಕು ಕಾರನ್ನು ತಂದರು. ಫೋರ್ಡ್ ಫೀಗೋ ತಿರುವುಗಳಲ್ಲಿ ಹಿಡಿತಕ್ಕೆ ಹೆಸರಾದದ್ದು. ಫೋರ್ಡಿನವರು ಇಲ್ಲಿಯ ತಯಾರಿಕೆಯನ್ನು ನಿಲ್ಲಿಸುವುದಾಗಿ ೨೦೨೧ರಲ್ಲಿ ಸಾರಿದರು. ಇಂಥ ಗಾಡಿ ಕೊಳ್ಳುವವರು ಮೊದಲು ತಮ್ಮ ಬಡಾವಣೆಯ ಮಿಸ್ತ್ರಿಯನ್ನು, “ಇದರ ಬಿಡಿಭಾಗ ನಿನಗೆ ಎಷ್ಟು ದಿನದಲ್ಲಿ ಸಿಗುತ್ತದೆ?” ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಆದರೂ ಮಗನ ಮನಸ್ಸು ನೋಯಬಾರದೆಂದು ನೋಯ್ಡಾದಲ್ಲಿ ಒಂದು ಟರ್ಬೋ ಕಾರನ್ನು ನೋಡಲು ಹೋದೆವು. ಕೇಳಿದ ಬೆಲೆ ಮೂರು ಲಕ್ಷ ತೊಂಬತ್ತು ಸಾವಿರ. ಈ ಸಲ ನಮ್ಮ ಬಡಾವಣೆಯ ಮಿಸ್ತ್ರಿಯೂ ಜೊತೆಗಿದ್ದ. ಅವನಿಗೆ ಕೊಟ್ಟ ಸಾವಿರ ರೂಪಾಯಿಯಷ್ಟು ಸಾರ್ಥಕವಾದ ಖರ್ಚು ನಾವು ಬೇರೆ ಮಾಡಿಲ್ಲ. ಆತ ಎಂಜಿನ್ನಿನ ಹತ್ತಿರ ಹೋಗಲೇ ಇಲ್ಲ. ಹಿಂದಿನ ಡಿಕ್ಕಿ ತೆರೆದು, ಹೆಚ್ಚುವರಿ ಚಕ್ರವನ್ನು ಎತ್ತಿ, ಅದರ ಗುಂಡಿಯಲ್ಲಿ ಬೆರಳಾಡಿಸಿದ. ಬೆರಳಿಗೆ ನಯವಾದ ಒಣ ಕೆಸರು ಹತ್ತಿತು. ಆಮೇಲೆ ಸೀಟಿನ ಪಟ್ಟಿಯನ್ನು ಕೊನೆಯವರೆಗೆ ಎಳೆದ; ಕೊನೆಯ ಗೇಣಿನಲ್ಲಿ ಕಂದು ಗೆರೆಯೊಂದು ಕಂಡಿತು. ಸೀಟಿನ ಕೆಳಗಿನ ಕಂಬಿಗಳಿಗೆ ತುಕ್ಕು. “ಬಾಬೂಜಿ, ಈ ಗಾಡಿ ಸ್ನಾನ ಮಾಡಿದೆ” ಎಂದ.

೨೦೨೩ರ ಜುಲೈ ೧೩ರಂದು ಯಮುನೆ ದೆಹಲಿಯಲ್ಲಿ ೨೦೮.೬೬ ಮೀಟರಿಗೆ ಏರಿದ್ದು ಓದುಗರಿಗೆ ನೆನಪಿರಬಹುದು. ನೀರು ಇಳಿಯಿತು, ನೀರು ಕುಡಿದ ಕಾರುಗಳನ್ನು ಒರೆಸಿ ಮಾರಿದವರೂ ಇದ್ದಾರು. ಇಂದಿನ ಕಾರಿನಲ್ಲಿ ಎಂಜಿನ್ನಿನಷ್ಟೇ ವಿದ್ಯುತ್ ತಂತಿಗಳ ಜಾಲವೂ ಮುಖ್ಯ. ಅದಕ್ಕೆ ನೀರು ಹೊಕ್ಕರೆ ಇವತ್ತು ದೀಪ, ನಾಳೆ ಕಿಟಕಿ, ನಾಡಿದ್ದು ಬ್ರೇಕಿನ ಯಂತ್ರ ಎಂದು ಒಂದೊಂದಾಗಿ ಕೆಡುತ್ತವೆ.

ಮಾರುವವರು ಆಗ ಬೇರೊಂದನ್ನು ತೋರಿಸಿದರು. ಸೊಗಸಾದ ಗಾಡಿ, ಐದು ಲಕ್ಷ. “ಒಂದೇ ಲಕ್ಷ ಹೆಚ್ಚು ಸಾರ್!” ಎಂದರು. ಮಗ ಮಾತಾಡಲಿಲ್ಲ, ಸುಮ್ಮನೆ ಅದರ ಚಕ್ರದ ಮೇಲೆ ಕೈಯಿಟ್ಟು ನಿಂತ. ಬ್ಯಾಂಕಿನ ಆ ಇನ್ನೊಂದು ಮೊತ್ತ ನಮ್ಮ ಕಣ್ಣ ಮುಂದೆ ಬಂದಿತು. ಮಂಡಿಯ ಚಿಕಿತ್ಸೆಯನ್ನು ಆರು ತಿಂಗಳು ಮುಂದೆ ಹಾಕಿದರಾಗದೆ ಎಂಬ ಯೋಚನೆಯೂ ಬಂದಿತೆಂದು ನಾಚಿಕೆಯಿಂದಲೇ ಬರೆಯುತ್ತಿದ್ದೇವೆ. ನಾವು ಬಾಯಿ ತೆರೆಯುವಷ್ಟರಲ್ಲಿ ಮಗನೇ, “ಬೇಡ ಅಪ್ಪ. ಅಮ್ಮ ಮೆಟ್ಟಿಲು ಹತ್ತುವುದನ್ನು ದಿನಾ ನೋಡುತ್ತೇನೆ” ಎಂದು ಹೊರಟುಬಿಟ್ಟ. ಅವತ್ತು ಮೆಟ್ರೋದಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಜನವರಿಯಲ್ಲಿ ಜನಕಪುರಿಯಲ್ಲಿ ಒಂದು ಸ್ವಿಫ್ಟ್ ಸಿಕ್ಕಿತು. ೨೦೧೮ರ ಜೂನಿನಲ್ಲಿ ದೆಹಲಿಯಲ್ಲೇ ನೋಂದಣಿಯಾದ ಪೆಟ್ರೋಲ್ ಗಾಡಿ, ಒಬ್ಬರೇ ಮಾಲಿಕರು, ಬಣ್ಣ ಬೂದಿ, ಬಾಗಿಲಿಗೆ ಎರಡು ಗೀರು. ಮಿಸ್ತ್ರಿ ಬಾನೆಟ್ಟಿನ ಬೋಲ್ಟುಗಳನ್ನು ನೋಡಿ ಯಾರೂ ತಿರುಗಿಸಿಲ್ಲವೆಂದ. ಹಾಗೆಂದರೆ ಮುಂಭಾಗಕ್ಕೆ ದೊಡ್ಡ ಪೆಟ್ಟು ಬಿದ್ದಿರಲಾರದು. ಮುಂಜಾನೆಯ ತಣ್ಣನೆಯ ಎಂಜಿನ್ನನ್ನು ತಾನೇ ಚಾಲೂ ಮಾಡಿದ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕೆಮ್ಮನ್ನು ಅಡಗಿಸಿಕೊಳ್ಳುತ್ತದಂತೆ. ಟೈರಿನ ಮೇಲೆ ಅಚ್ಚಾದ ನಾಲ್ಕು ಅಂಕಿಗಳನ್ನು ನಮಗೂ ಓದಲು ಕಲಿಸಿದ: ಮೊದಲೆರಡು ವಾರ, ಕೊನೆಯೆರಡು ವರ್ಷ. “೨೩೧೮” ಎಂದಿತ್ತು. ಅಂದರೆ ೨೦೧೮ರ ಇಪ್ಪತ್ತಮೂರನೆಯ ವಾರದ್ದು. ಓಡಿದ ಕಿಲೋಮೀಟರನ್ನು ಸರ್ವೀಸಿನ ರಸೀತಿಗಳೊಡನೆ ಹೋಲಿಸಿದೆವು, ತಾಳೆಯಾಯಿತು. ಬ್ಯಾಂಕಿನ ಸಾಲ ಬಾಕಿಯಿಲ್ಲ, ಪೋಲೀಸರ ಚಲಾನುಗಳೂ ಬಾಕಿಯಿಲ್ಲ.

ಚೌಕಾಸಿ ಮಾಡಿ ಮೂರು ಲಕ್ಷ ನಲವತ್ತು ಸಾವಿರಕ್ಕೆ ಮುಗಿಸಿದೆವು. ೨೦೩೩ರ ಜೂನಿನವರೆಗೆ ಎಂಬತ್ತೊಂಬತ್ತು ತಿಂಗಳು; ತಿಂಗಳಿಗೆ ಮೂರು ಸಾವಿರದ ಎಂಟುನೂರು ಚಿಲ್ಲರೆ. ಕೆಂಪು ಕಾರಿನ ಇಪ್ಪತ್ತೊಂಬತ್ತು ಸಾವಿರದ ಮುಂದೆ ಇದನ್ನಿಟ್ಟು ನೋಡಿದರೆ ಯಾವುದು ಅಗ್ಗವೆಂಬುದು ಮಗುವಿಗೂ ತಿಳಿದೀತು.

ಉಳಿದ ಅರುವತ್ತು ಸಾವಿರವೇ ನಮ್ಮನ್ನು ಕಾಪಾಡಿದ್ದು. ನಾಲ್ಕು ಹೊಸ ಟೈರಿಗೆ ಹದಿನೆಂಟು ಸಾವಿರ, ಬ್ರೇಕು, ಬ್ಯಾಟರಿ, ಎಣ್ಣೆಗೆ ಹದಿನಾಲ್ಕು, ವಿಮೆಗೆ ಹನ್ನೆರಡು, ಹೆಸರು ಬದಲಾವಣೆಯ ಓಡಾಟಕ್ಕೆ ಮೂರು. ಹದಿಮೂರು ಸಾವಿರ ಇನ್ನೂ ಉಳಿದಿದೆ. ಕೈಯಲ್ಲಿರುವ ಹಣದಲ್ಲಿ ನೂರಕ್ಕೆ ಹದಿನೈದು ಪಾಲನ್ನಾದರೂ ಕಾರಿನ ಬೆಲೆಗೆ ಸೇರಿಸದೆ ಇಡಬೇಕು. ಹಳೆಯ ಗಾಡಿಯ ಚುರುಕು ಎಂಜಿನ್ನಿನಲ್ಲಿ ಎಷ್ಟಿದೆಯೋ ಅಷ್ಟೇ ಹೊಸ ಟೈರಿನಲ್ಲಿ, ಒಳ್ಳೆಯ ಬ್ರೇಕಿನಲ್ಲಿ ಇದೆ.

ವಿಮೆಯ ಬಗ್ಗೆ ಒಂದು ಮಾತು. ಗಾಡಿ ಕೈ ಬದಲಾದ ಹದಿನಾಲ್ಕು ದಿನಗಳೊಳಗೆ ವಿಮೆಯನ್ನೂ ನಮ್ಮ ಹೆಸರಿಗೆ ಮಾಡಿಸಲು ಬರೆದುಕೊಳ್ಳಬೇಕು. ಹಿಂದಿನವರು ಅಪಘಾತವಿಲ್ಲದೆ ಓಡಿಸಿ ಗಳಿಸಿದ ರಿಯಾಯಿತಿ ಅವರದೇ. ಅದು ಗಾಡಿಯ ಜೊತೆ ನಮಗೆ ಬರುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇರುವುದರಿಂದ, ೨೦೨೩ಕ್ಕೆ ಹಿಂದಿನ ಗಾಡಿಗಳಲ್ಲಿ ಇಂಧನದ ರಬ್ಬರ್ ಕೊಳವೆಗಳನ್ನೂ ಒಮ್ಮೆ ತೋರಿಸಿಕೊಳ್ಳುವುದು ಕ್ಷೇಮ. ಊರಿನ ನೆಂಟರು “ದೆಹಲಿಯಲ್ಲಿ ಕಾರು ಅಗ್ಗವಂತೆ, ನಮಗೊಂದು ಕಳುಹಿಸಿ” ಎಂದರೆ ನಿರಾಕ್ಷೇಪಣ ಪತ್ರ, ಕರ್ನಾಟಕದ ರಸ್ತೆ ತೆರಿಗೆ, ಸಾಗಣೆಯ ಖರ್ಚು ಮೂರನ್ನೂ ಕೂಡಿಸಿದ ಮೇಲೆಯೇ ಹೂಂ ಎನ್ನಿರಿ.

ಕಳೆದ ಭಾನುವಾರ ಬೆಳಗ್ಗೆ ರಸ್ತೆ ಬರಿದಾಗಿದ್ದಾಗ ಮಗ ನಮ್ಮಿಬ್ಬರನ್ನೂ ಕೂರಿಸಿಕೊಂಡು ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದವರೆಗೆ ಓಡಿಸಿದ. ಒತ್ತಿದರೆ ಓಡಿತು, ತಿರುಗಿಸಿದರೆ ತಿರುಗಿತು. “ಸಾಕಪ್ಪಾ, ಮೆಲ್ಲಗೆ” ಎಂದಳು ನಮ್ಮಾಕೆ ಹಿಂದಿನ ಸೀಟಿನಿಂದ. ಸಂಘದ ಮೆಟ್ಟಿಲನ್ನು ಮಗನ ತೋಳು ಹಿಡಿದು ಹತ್ತಿದಳು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ. ಆ ದಿನ ಆಸ್ಪತ್ರೆಗೆ ಹೋಗುವುದು ಈ ಬೂದಿ ಬಣ್ಣದ ಕಾರಿನಲ್ಲಿಯೇ.