ಕಾಡಂಚಿಗೆ ಬಂದ ವಿಜ್ಞಾನಿ ಉಳಿಯಬೇಕಾದರೆ

2025ರ ಜೂನ್ ಕೊನೆಯಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ವಲಯದ ಕಾಡಿನಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಹುಲಿಯ ಓಡಾಟ, ದನ ಕಳೆದುಕೊಂಡವರ ಸಂಕಟ, ಬೇಸಿಗೆಯ ಮೇವಿನ ಕೊರತೆ ಇವನ್ನೆಲ್ಲ ಒಟ್ಟಿಗೆ ಅರಿಯಬಲ್ಲ ಸಂಶೋಧಕರು ಇಂಥ ಕಡೆ ವರ್ಷಗಟ್ಟಲೆ ನೆಲೆಸಿರಬೇಕು. ಆದರೆ ಅವರು ಯಾಕೆ ಬಂದಾರು? ಬೆಳೆಯುತ್ತಿರುವ ಕಂಪನಿ ಸಂಬಳ ತೋರಿಸಿ ಪ್ರತಿಭೆಯನ್ನು ಸೆಳೆಯಬಹುದು. ಕಾಡಂಚಿನ ಊರಿಗೆ ಆ ದಾರಿಯಿಲ್ಲ. ಬೇರೆ ದಾರಿಯೊಂದಿದೆ ಎಂದು ಪಕ್ಕದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ ತೋರಿಸಿಕೊಟ್ಟಿದೆ.

ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಅಲ್ಲಿನ ಆದಿವಾಸಿಗಳಾದ ಸೋಲಿಗರಿಗೆ ಆಸ್ಪತ್ರೆ ಬಂತು, ಶಾಲೆಯೂ ಬಂತು. ತೊಂಬತ್ತರ ದಶಕದಲ್ಲಿ ಸಸ್ಯವಿಜ್ಞಾನಿ ಕಮಲ್‌ಜಿತ್ ಬಾವಾ ಮತ್ತು ಸಂಗಡಿಗರು ನೆಲ್ಲಿ, ಜೇನು ಮುಂತಾದ ಕಿರು ಅರಣ್ಯ ಉತ್ಪನ್ನಗಳ ಅಧ್ಯಯನಕ್ಕಾಗಿ ಈ ಬೆಟ್ಟ ಹತ್ತಿದರು. ಬಾವಾ 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಏಟ್ರೀ ಸಂಸ್ಥೆ ಇಲ್ಲಿ ಬೇರೂರಿತು.

ಈ ಸಂಶೋಧಕರನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿನ ಕಾಡಿನ ಪ್ರಶ್ನೆಗಳೇ. ಹಿಂದೆ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ನೆಲದ ಒಣಎಲೆಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ತರಗು ಬೆಂಕಿ. ಬೆಂಕಿಗೆ ನಿಷೇಧ ಬಂದ ಮೇಲೆ ಲಂಟಾನ ಕಳೆ ಹಬ್ಬಿತು, ನೆಲ್ಲಿಮರಕ್ಕೆ ಬಂದಳಿಕೆ ಹೆಚ್ಚಿತು ಎಂದು ಹಿರಿಯರು ಹೇಳುತ್ತಿದ್ದರು. ಸಂಶೋಧಕರು ಅದನ್ನು ಅಜ್ಜಂದಿರ ಮಾತೆಂದು ಬದಿಗಿಡಲಿಲ್ಲ, ಅಳತೆಗಿಳಿದರು. 1997ರಲ್ಲಿ ಗುರುತಿಸಿದ್ದ ಕಾಡಿನ ತುಂಡುಗಳನ್ನೇ 2008ರಲ್ಲಿ ಮತ್ತೆ ಎಣಿಸಿದಾಗ ಲಂಟಾನ ಎಷ್ಟು ಆವರಿಸಿದೆ ಎಂಬುದು ಗೊತ್ತಾಯಿತು. ಹನ್ನೊಂದು ವರ್ಷದ ನಂತರ ಸಿಗುವ ಇಂಥ ಉತ್ತರ ಎರಡು ವರ್ಷಕ್ಕೆ ಗಂಟುಮೂಟೆ ಕಟ್ಟುವವರ ಕೈಗೆ ಹತ್ತುವುದಿಲ್ಲ. ಒಳ್ಳೆಯ ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಗಿರಿಜನ ಕೇಂದ್ರದಲ್ಲಿ ವೈದ್ಯರಾಗಿದ್ದ ಎನ್.ಎಸ್. ಪ್ರಶಾಂತ್ ಮುಂದೆ ಪಿಎಚ್.ಡಿ. ಮಾಡಿ, ಆದಿವಾಸಿ ಆರೋಗ್ಯದ ಸಂಶೋಧನೆಗೆ ಇದೇ ಬೆಟ್ಟವನ್ನು ನೆಲೆ ಮಾಡಿಕೊಂಡರು. ಓದಲು ಹೋಗುವವರನ್ನು ಬೀಳ್ಕೊಟ್ಟು, ಹಿಂದಿರುಗಿದಾಗ ಮಾಡಲು ಕೆಲಸ ಕೊಡುವುದೂ ಉಳಿಸಿಕೊಳ್ಳುವ ರೀತಿಯೇ.

ಎಲ್ಲಕ್ಕಿಂತ ಹೆಚ್ಚಿನದು ಸಿ. ಮಾದೇಗೌಡರ ಉದಾಹರಣೆ. ಸೋಲಿಗ ಸಮುದಾಯದ ಇವರು ಪಿಎಚ್.ಡಿ. ಪಡೆದು ಏಟ್ರೀಯಲ್ಲಿ ಸಂಶೋಧಕರಾದರು. ಸೋಲಿಗರು ಪವಿತ್ರವೆಂದು ನಂಬುವ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ನೆಲೆಗಳನ್ನು ಹಿರಿಯರೊಂದಿಗೆ ನಡೆದು ನಕ್ಷೆಗೆ ತಂದವರಲ್ಲಿ ಇವರೂ ಒಬ್ಬರು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಹುಲಿ ಮೀಸಲಿನೊಳಗೆ ಸೋಲಿಗರ ಸಮುದಾಯ ಅರಣ್ಯ ಹಕ್ಕಿಗೆ ಮನ್ನಣೆ ಸಿಕ್ಕಿತು. ಇಂಥ ಸಂಶೋಧಕರನ್ನು ಹೊರಗಿನಿಂದ ಕರೆತರಬೇಕಾಗಿಲ್ಲ, ಬೆಳೆಯಲು ಬಿಡಬೇಕು.

ಹೂಗ್ಯಂ ಸುತ್ತಿನ ಕಾಡಿಗೂ ಸಂಶೋಧಕರು ಬರುತ್ತಾರೆ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡ ಕಾವೇರಿ ಮತ್ತು ಮಲೆ ಮಹದೇಶ್ವರ ವನ್ಯಧಾಮಗಳಲ್ಲಿ ಚಿರತೆಗಳ ಲೆಕ್ಕಕ್ಕೆ ಕ್ಯಾಮೆರಾ ಕಟ್ಟಿದೆ. ಆದರೆ ಸಾಮಾನ್ಯವಾಗಿ ಯೋಜನೆಯ ಹಣ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಆಗ ಮೊದಲು ಕೆಲಸ ಕಳೆದುಕೊಳ್ಳುವವನು ಕಾಡಿನ ಪ್ರತಿ ಹಳ್ಳವನ್ನೂ ಬಲ್ಲ ಊರಿನ ಹುಡುಗ. ಅವನಿಗೆ ಕಾಯಂ ಸಂಬಳ, ಪದವಿ ಓದಲು ಶುಲ್ಕ, ಪ್ರಬಂಧದಲ್ಲಿ ಲೇಖಕನಾಗಿ ಹೆಸರು ಈ ಮೂರನ್ನೂ ಯೋಜನೆ ಬರೆಯುವ ದಿನವೇ ಸೇರಿಸಬೇಕು.