ಮದ್ದಿಗೆ ಮಣಿಯದ ರೋಗಾಣು

ರೋಣ, ನರಗುಂದ, ಗಜೇಂದ್ರಗಡ ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಎರೆಯ ಹೊಲ. ಬಿಳಿಜೋಳ, ಹತ್ತಿ, ಕಡಲೆಗಳ ಬೆಳೆ. ಈ ಸೀಮೆಯಲ್ಲಿ ಕೋಳಿಯು ಬಹುಕಾಲ ಹಿತ್ತಿಲ ಜೀವಿಯಾಗಿಯೇ ಬಾಳಿತು. ಹಗಲೆಲ್ಲ ಕಣದಲ್ಲಿ ಚೆಲ್ಲಿದ ಕಾಳನ್ನೂ ತಿಪ್ಪೆಯ ಹುಳುವನ್ನೂ ಕೆದಕಿ ತಿಂದು, ಸಂಜೆಗೆ ಬುಟ್ಟಿಯ ಕೆಳಗೆ ಸೇರುತ್ತಿದ್ದ ಜವಾರಿ ಕೋಳಿಗೆ ವೈದ್ಯನೂ ಇರಲಿಲ್ಲ, ಮದ್ದೂ ಇರಲಿಲ್ಲ. ಬೇನೆ ಬಂದರೆ ಸತ್ತಿತು, ಬದುಕಿದರೆ ಮೊಟ್ಟೆಯಿಟ್ಟಿತು.

ಕಾಲ ಬದಲಾಗಿದೆ. ಇಂದು ಪೇಟೆಯ ಅಂಗಡಿಗೆ ಬರುವ ಮೊಟ್ಟೆ, ಮಾಂಸಗಳು ಬಹುಮಟ್ಟಿಗೆ ಸಾವಿರಾರು ಕೋಳಿಗಳನ್ನು ಒಂದೇ ಸೂರಿನಡಿ ಸಾಕುವ ಫಾರಂಗಳವು. 2024ರಲ್ಲಿ ರಾಜ್ಯದ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ನೀಡುವ ಏರ್ಪಾಡಾಯಿತು. ಬಡವರ ಮಗುವಿಗೆ ಅದು ಅಮೂಲ್ಯವಾದ ಆಹಾರ. ಆದುದರಿಂದಲೇ ಕೋಳಿಯ ಆರೋಗ್ಯವು ಈಗ ಅದನ್ನು ಸಾಕುವವನೊಬ್ಬನ ಚಿಂತೆಯಾಗಿ ಉಳಿದಿಲ್ಲ.

ಕರುಳಿನಲ್ಲಿ ಅಡಗಿದ ಅತಿಥಿ

ಸಾಲ್ಮೊನೆಲ್ಲಾ ಎಂಬುದು ಒಂದು ಬಗೆಯ ಬ್ಯಾಕ್ಟೀರಿಯಾ. 1885ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಇದನ್ನು ಹಂದಿಗಳಲ್ಲಿ ಗುರುತಿಸಿದನು. ಹೆಸರು ಮಾತ್ರ ಅವನ ಮೇಲಧಿಕಾರಿ, ಪಶುವೈದ್ಯ ಡೇನಿಯಲ್ ಸಾಲ್ಮನ್ನನ ಪಾಲಿಗೆ ಬಂದಿತು. ವಿಷಮಶೀತ ಜ್ವರದ ರೋಗಾಣುವೂ ಇದೇ ಕುಲದ್ದು. ಆದರೆ ಅದರ ನೆಲೆ ಮನುಷ್ಯನೇ. ಕೋಳಿಯ ಕರುಳಿನಲ್ಲಿ ವಾಸಿಸುವ ದಾಯಾದಿಗಳು ಬೇರೆ. ಅವು ಅನೇಕ ವೇಳೆ ಕೋಳಿಗೆ ಕೇಡು ಮಾಡದೆ ಅಡಗಿದ್ದು, ಮೊಟ್ಟೆ ಮಾಂಸಗಳ ಮೂಲಕ ಮನುಷ್ಯನನ್ನು ಸೇರಿ ಜ್ವರ, ವಾಂತಿ, ಭೇದಿಗಳನ್ನು ಉಂಟುಮಾಡುತ್ತವೆ. ಗಟ್ಟಿಮುಟ್ಟಾದವರು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುವರು. ಹಸುಗೂಸು, ವೃದ್ಧರು, ನಿಶ್ಶಕ್ತರು—ಇವರ ರಕ್ತವನ್ನು ಅದು ಸೇರಿದರೆ ಔಷಧವೇ ಗತಿ. ಆ ಔಷಧವೇ ನಾಟದಿದ್ದರೆ?

ಅಂಥ ದಿನ ಬರಬಹುದೆಂಬುದು ಬರಿಯ ಊಹೆಯಲ್ಲ. 1972ರಲ್ಲಿ ನೆರೆಯ ಕೇರಳದ ಕಲ್ಲಿಕೋಟೆಯಲ್ಲಿ ವಿಷಮಶೀತ ಜ್ವರ ಹಬ್ಬಿದಾಗ, ಅದುವರೆಗೆ ರಾಮಬಾಣವೆನಿಸಿದ್ದ ಕ್ಲೋರಾಂಫೆನಿಕಾಲ್ ಸೋತುಹೋಯಿತು. ಅಲ್ಲಿ ಕೋಳಿಯ ತಪ್ಪೇನೂ ಇರಲಿಲ್ಲ. ಆದರೆ ಈ ಕುಲದ ರೋಗಾಣು ಮದ್ದನ್ನು ಮೀರಬಲ್ಲದೆಂಬುದಕ್ಕೆ ಸಾಕ್ಷಿ ದೊರೆಯಿತು.

ಮದ್ದೇ ಮೇವಾದಾಗ

ಅಮೆರಿಕದ ಮಿಸೌರಿಯ ಹೊಲವೊಂದರ ಮಣ್ಣಿನಿಂದ ದೊರೆತ ಸೂಕ್ಷ್ಮಜೀವಿಯು ಆರಿಯೋಮೈಸಿನ್ ಎಂಬ ಔಷಧವನ್ನು ಕೊಟ್ಟಿತು. ಅದರ ತಯಾರಿಕೆಯಲ್ಲಿ ಉಳಿದ ಚರಟವನ್ನು 1948ರ ಕೊನೆಯಲ್ಲಿ ಥಾಮಸ್ ಜೂಕ್ಸ್ ಕೋಳಿಮರಿಗಳಿಗೆ ತಿನ್ನಿಸಿ ನೋಡಿದನು. ಮರಿಗಳು ಬೇಗಬೇಗನೆ ಬೆಳೆದವು! ರೋಗಿಗೆಂದು ಹುಟ್ಟಿದ ಮದ್ದು ಹೀಗೆ ಆರೋಗ್ಯವಂತ ಕೋಳಿಗೆ ಮೇವಾಯಿತು.

ದಿನವೂ ಚಿಟಿಕೆ ಮದ್ದು ಬಿದ್ದ ಕರುಳಿನಲ್ಲಿ ದುರ್ಬಲ ರೋಗಾಣುಗಳು ಸಾಯುತ್ತವೆ. ತಡೆದುಕೊಂಡವು ಉಳಿದು ಬೆಳೆಯುತ್ತವೆ. ಅನುಕೂಲ ಒದಗಿದರೆ ಅರ್ಧ ಗಂಟೆಯೊಳಗೆ ಒಂದು ಎರಡಾಗುವ ಜೀವಿಗಳಿಗೆ ಇದೆಷ್ಟರ ಕೆಲಸ? ಮನುಷ್ಯ ಚಾಪೆಯ ಕೆಳಗೆ ತೂರಿದರೆ ಅವು ರಂಗೋಲಿಯ ಕೆಳಗೆ ತೂರುತ್ತವೆ. ಅಷ್ಟೇ ಅಲ್ಲ, ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದ ಮೂಲಕ ಆ ವಿದ್ಯೆಯನ್ನು ನೆರೆಯ ಬ್ಯಾಕ್ಟೀರಿಯಾಗಳಿಗೂ ಹಂಚುತ್ತವೆ. ಒಬ್ಬ ಕಳ್ಳನಿಗೆ ತಿಳಿದ ಬೀಗದ ಗುಟ್ಟು ಊರ ಕಳ್ಳರಿಗೆಲ್ಲ ತಿಳಿದಂತೆ!

ಕೋಳಿಗೆ ಕೊಡುವ ಎನ್ರೋಫ್ಲಾಕ್ಸಾಸಿನ್, ಮನುಷ್ಯರಿಗೆ ಕೊಡುವ ಸಿಪ್ರೋಫ್ಲಾಕ್ಸಾಸಿನ್—ಎರಡೂ ಒಂದೇ ಮನೆತನದವು. ಒಂದನ್ನು ಗೆದ್ದ ರೋಗಾಣುವಿಗೆ ಇನ್ನೊಂದು ಅಂಜಿಕೆ ಹುಟ್ಟಿಸದು. ಇದನ್ನರಿತೇ ಅಮೆರಿಕವು 2005ರಲ್ಲಿ ಕೋಳಿಗಳಿಗೆ ಎನ್ರೋಫ್ಲಾಕ್ಸಾಸಿನ್ ಬಳಸುವ ಅನುಮತಿಯನ್ನು ಹಿಂತೆಗೆದುಕೊಂಡಿತು.

ಕಾಯಿದೆ ಮತ್ತು ಕಾಳಜಿ

ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಕೆ ನೀಡಿತ್ತು. ಬೆಳವಣಿಗೆಗಾಗಿ ಮೇವಿನಲ್ಲಿ ಇಂಥ ಔಷಧ ಬೆರೆಸುವುದನ್ನು ಯುರೋಪಿನ ಒಕ್ಕೂಟವು 2006ರಲ್ಲಿ ಸಂಪೂರ್ಣವಾಗಿ ನಿಲ್ಲಿಸಿತು. ಬೇರಾವ ಔಷಧವೂ ನಾಟದಾಗ ವೈದ್ಯರು ಕೈಗೆತ್ತಿಕೊಳ್ಳುವ ಕೊಲಿಸ್ಟಿನ್ನನ್ನು ಕೋಳಿ, ಜಾನುವಾರು, ಮೀನುಗಳಿಗೆ ಬಳಸಕೂಡದೆಂದು ಭಾರತ ಸರಕಾರವು 2019ರ ಜುಲೈನಲ್ಲಿ ನಿಷೇಧಿಸಿತು.

ಆದರೆ ಕಾಯಿದೆ ಗೂಡಿನ ಬಾಗಿಲವರೆಗೆ ಬರಬಹುದು. ಒಳಗಿನ ಕೆಲಸ ಸಾಕುವವನದೇ. ಗಾಳಿ ಬೆಳಕು, ಒಣಗಿದ ಹಾಸು, ಶುದ್ಧವಾದ ನೀರು, ಲಸಿಕೆ—ಇವಿದ್ದಲ್ಲಿ ಮದ್ದಿನ ಹಂಗು ಕಡಿಮೆ. ಬ್ರಿಟನ್ನಿನ ಮೊಟ್ಟೆ ಉತ್ಪಾದಕರು 1998ರಿಂದ ಕೋಳಿಗಳಿಗೆ ಲಸಿಕೆ ಹಾಕಿಸಿ, ಮೊಟ್ಟೆಯಿಂದ ಹರಡುವ ಸಾಲ್ಮೊನೆಲ್ಲಾ ರೋಗವನ್ನು ಬಹಳವಾಗಿ ತಗ್ಗಿಸಿದರು. ಎರೆಯ ಸೀಮೆಯ ರೈತನು ಇನ್ನೊಂದನ್ನೂ ಗಮನಿಸಬೇಕು: ಹಸಿ ಕೋಳಿಗೊಬ್ಬರದೊಂದಿಗೆ ಔಷಧದ ಅಂಶವೂ ಅದನ್ನು ಮೀರಿದ ರೋಗಾಣುವೂ ಹೊಲ ಸೇರಬಲ್ಲವು. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಆ ಭಯ ಕಡಿಮೆ.

ಗೃಹಿಣಿಗೆ ಸಮಾಧಾನದ ಮಾತೊಂದಿದೆ. ಮದ್ದಿಗೆ ಮಣಿಯದ ರೋಗಾಣುವೂ ಬೆಂಕಿಗೆ ಮಣಿಯುತ್ತದೆ. ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದ ಮೊಟ್ಟೆಗೆ ಅಂಜಬೇಕಾಗಿಲ್ಲ; ಮಗುವಿನ ಕೈಯಿಂದ ಅದನ್ನು ಕಸಿಯಬೇಕಾಗಿಯೂ ಇಲ್ಲ. ಒಡಕು ಮೊಟ್ಟೆ ಬೇಡ. ಹಸಿ ಮಾಂಸ ಹೆಚ್ಚಿದ ಈಳಿಗೆಯಿಂದ ತೊಳೆಯದೆ ಸೌತೆಕಾಯಿ ಹೆಚ್ಚಬಾರದು. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಭೇದಿಯಾಯಿತೆಂದು ವೈದ್ಯರನ್ನು ಕೇಳದೆ ಅಂಗಡಿಯಿಂದ ಗುಳಿಗೆ ತಂದು ನುಂಗುವ ಚಾಳಿಯೂ ನಿಲ್ಲಬೇಕು. ಫಾರಂನಲ್ಲಿ ನಡೆಯುವ ತಪ್ಪು ಮನೆಯಲ್ಲಿ ನಡೆದರೂ ತಪ್ಪೇ.